ರಾತ್ರಿಯ ಅಳತೆ

ಕೂಸೇ, ನೀನು ಕಳಿಸಿದ ಕೊಟೇಶನ್ ಮೂರು ಸಲ ಓದಿದೆ. ಮಾಡಿನ ಮೇಲೆ 5 ಕಿಲೋವ್ಯಾಟ್ ಪ್ಯಾನೆಲ್, ಜಗಲಿಯ ಗೋಡೆಗೆ 10 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ. ಬೆಂಗಳೂರು ಬಿಟ್ಟು ಊರ ಮನೆಗೇ ಬರುತ್ತೇವೆ, ಇಲ್ಲಿಂದಲೇ ಆಫೀಸಿನ ಕೆಲಸ ಮಾಡುತ್ತೇವೆ ಎಂದು ನೀನು ಹೇಳಿದ ದಿನ ನಿನ್ನ ದೊಡ್ಡಮ್ಮನಿಗೆ ಸಂತೋಷಕ್ಕೆ ನಿದ್ದೆಯೇ ಬರಲಿಲ್ಲ. ಹಾಗಾಗಿ ಸೋಲಾರ್ ಬೇಡ ಎನ್ನಲು ನಾನು ಬರೆಯುತ್ತಿಲ್ಲ. ಖಂಡಿತ ಹಾಕಿಸು. ಆದರೆ ಅಡ್ವಾನ್ಸ್ ಕೊಡುವ ಮೊದಲು ನನ್ನ ಮಾತು ಸ್ವಲ್ಪ ಕೇಳು.

ಆ ಕಾಗದ ಬರೆದುಕೊಟ್ಟವರು ಮಾಡು ಅಳೆದರು, ದಿಕ್ಕು ನೋಡಿದರು, ತೆಂಗಿನ ನೆರಳು ಎಲ್ಲಿ ಬೀಳುತ್ತದೆ ಎಂದು ಫೋಟೋ ತೆಗೆದರು. ಅಷ್ಟರಮಟ್ಟಿಗೆ ಕೆಲಸ ಬಲ್ಲವರೇ. ಆದರೆ ನಿನ್ನ ರಾತ್ರಿ ಎಷ್ಟು ದೊಡ್ಡದು ಎಂದು ಅವರು ಕೇಳಲಿಲ್ಲ. ಸಂಜೆ ಆರರಿಂದ ಬೆಳಗಿನ ಆರರ ತನಕ ಆ ಮನೆಗೆ ಎಷ್ಟು ಕರೆಂಟು ಬೇಕು ಎಂಬ ಲೆಕ್ಕ ಕಾಗದದಲ್ಲಿ ಎಲ್ಲೂ ಇಲ್ಲ. ಬ್ಯಾಟರಿಯ ಗಾತ್ರ ಹುಟ್ಟಬೇಕಾದ್ದೇ ಅಲ್ಲಿಂದ.

ಇದನ್ನು ನಾನು ಎರಡು ಬ್ಯಾಟರಿ ಕೊಂದು ಕಲಿತೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಗೆ ನಾಲ್ಕು ದೀಪದ ಸೋಲಾರ್ ಬಂತು, ನಿನಗೆ ನೆನಪಿರಲಾರದು. ಹಂಚಿನ ಮೇಲೆ ಪುಟ್ಟದೊಂದು ಪ್ಯಾನೆಲ್, ಅಡುಗೆಮನೆಯ ಮೂಲೆಯಲ್ಲಿ ಸೀಸದ ಬ್ಯಾಟರಿ. ದೀಪ ಉರಿಯುತ್ತದಲ್ಲ ಎಂದು ಅದಕ್ಕೆ ಒಂದು ಸಣ್ಣ ಟೀವಿಯನ್ನೂ ಸಿಕ್ಕಿಸಿದೆ. ದಿನಾ ರಾತ್ರಿ ತಳ ಕಾಣುವವರೆಗೆ ಹೀರಿದೆ. ಡಿಸ್ಟಿಲ್ಡ್ ವಾಟರ್ ಹಾಕಬೇಕೆಂದು ಹೇಳಿದ್ದರು, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮರೆತೆ. ಎರಡನೇ ವರ್ಷ ಮುಗಿಯುವುದರೊಳಗೆ ಅದು ಸತ್ತಿತು.

ಎರಡನೆಯ ಸಲ ಅಂಗಡಿಯವರು ಒಬ್ಬರು, ದೊಡ್ಡದು ತೆಗೆದುಕೊಳ್ಳಿ, ಹೆಚ್ಚು ಕಾಲ ಬಾಳುತ್ತದೆ ಎಂದರು. ಮೊದಲಿನ ಎರಡರಷ್ಟು ದೊಡ್ಡ ಬ್ಯಾಟರಿ ತಂದೆ. ಪ್ಯಾನೆಲ್ ಮಾತ್ರ ಅದೇ. ಬಚ್ಚಲ ಹಂಡೆಗೆ ಚೊಂಬಿನಲ್ಲಿ ನೀರು ತುಂಬಿದ ಹಾಗಾಯಿತು. ಬೇಸಿಗೆಯಲ್ಲೇ ಅದು ಪೂರ್ತಿ ತುಂಬುತ್ತಿರಲಿಲ್ಲ, ಮಳೆಗಾಲದಲ್ಲಂತೂ ತಿಂಗಳುಗಟ್ಟಲೆ ಅರೆಹೊಟ್ಟೆ. ಸೀಸದ ಬ್ಯಾಟರಿ ಖಾಲಿಯಾಗುವಾಗ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕಟ್ಟುತ್ತದೆ. ಬೇಗನೆ ಪೂರ್ತಿ ಚಾರ್ಜ್ ಮಾಡಿದರೆ ಅದು ಮತ್ತೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಪ್ಲೇಟಿನ ಬಾಯಿ ಮುಚ್ಚುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಉಪಯೋಗವಿಲ್ಲ. ಮೊದಲನೆಯದನ್ನು ನಾನು ಅತಿಯಾಗಿ ಹೀರಿ ಕೊಂದೆ. ಎರಡನೆಯದನ್ನು ಬೇಕಾದ್ದಕ್ಕಿಂತ ದೊಡ್ಡದು ತಂದು ಕೊಂದೆ.

ಈಗ ನಿನ್ನ ರಾತ್ರಿಯನ್ನು ಕೂತು ಲೆಕ್ಕ ಹಾಕೋಣ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಆರು, ಐದು ಗಂಟೆ: 270 ವ್ಯಾಟ್-ಅವರ್. ಹೊಸ ನಮೂನೆಯ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನದು ಮೂರು, ಎಂಟು ಗಂಟೆ: 720. ಹಳೆಯ ಫ್ಯಾನುಗಳಾದರೆ ಇದರ ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ, ಮೊದಲು ಅವನ್ನು ಬದಲಾಯಿಸು. ಫ್ರಿಜ್ಜು ಹನ್ನೆರಡು ಗಂಟೆಗೆ ಸುಮಾರು 500. ವೈಫೈ ಪೆಟ್ಟಿಗೆ 120. ನಿಮ್ಮಿಬ್ಬರಿಗೂ ರಾತ್ರಿ ವಿದೇಶದವರ ಜೊತೆ ಮೀಟಿಂಗ್ ಇರುತ್ತದಂತೆ, ಎರಡು ಲ್ಯಾಪ್‌ಟಾಪಿಗೆ ಮೂರು ಗಂಟೆ ಎಂದರೆ 360. ಒಟ್ಟು 1970, ಅಂದರೆ ಎರಡು ಯೂನಿಟ್‌ಗೆ ಒಂದಿಷ್ಟು ಕಡಿಮೆ. ಇನ್ವರ್ಟರ್ ನಡುವೆ ತಿನ್ನುವುದು, ಬ್ಯಾಟರಿಯ ತಳದಲ್ಲಿ ಬಿಡಬೇಕಾದದ್ದು ಎರಡೂ ಸೇರಿದರೆ ಎರಡೂವರೆ ಯೂನಿಟ್. ನಮ್ಮ ಕಡೆ ಆರಿದ್ರಾ ಮಳೆ ಹಿಡಿದ ಮೇಲೆ ಫ್ಯಾನು ಯಾರು ಹಾಕುತ್ತಾರೆ? ಆಗ ಇನ್ನೂ ಕಡಿಮೆ. ಮರ ಬಿದ್ದು ಲೈನು ಹೋಗಿ ಎರಡು ರಾತ್ರಿ ಕಳೆಯಬೇಕಾಗಿ ಬಂದರೂ 5 ಯೂನಿಟ್ ಸಾಕು. 10 ಯಾತಕ್ಕೆ?

ಗೀಸರ್‌ಗೆ ಎನ್ನುತ್ತೀಯ. ಎರಡು ಸಾವಿರ ವ್ಯಾಟಿನ ಗೀಸರ್ ಒಂದು ಗಂಟೆ ಉರಿದರೆ ನಿನ್ನ ಇಡೀ ರಾತ್ರಿಯನ್ನು ನುಂಗುತ್ತದೆ. ಬಚ್ಚಲ ಒಲೆಗೆ ವರ್ಷಕ್ಕಾಗುವಷ್ಟು ಅಡಿಕೆ ಸಿಪ್ಪೆ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದೆ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ, ಪಂಪು ಇವನ್ನು ಬ್ಯಾಟರಿಯ ಕಡೆ ತರಲೇಬೇಡ. ವೈರಿಂಗ್ ಮಾಡುವವನಿಗೆ ಹೇಳಿ ದೀಪ, ಫ್ಯಾನು, ಫ್ರಿಜ್ಜು, ನಿಮ್ಮ ಕೆಲಸದ ಮೇಜು ಇಷ್ಟಕ್ಕೆ ಬೇರೆ ಡಿಬಿ ಪೆಟ್ಟಿಗೆ ಕೂರಿಸು. ಪಂಪಿನ ಮೋಟರು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಸಣ್ಣ ಇನ್ವರ್ಟರ್ ಅದಕ್ಕೇ ಉಸಿರು ಬಿಡುತ್ತದೆ.

ಎಷ್ಟೋ ಕೆಲಸಗಳಿಗೆ ಬ್ಯಾಟರಿಯ ಗೊಡವೆಯೇ ಬೇಡ. ಬಿಸಿಲು ನೆತ್ತಿಯ ಮೇಲಿರುವಾಗ ಪಂಪು ಹಾಕಿ ಗುಡ್ಡದ ಮೇಲಿನ ಟಾಂಕಿ ತುಂಬಿಸು. ಆ ನೀರು ಸಂಜೆ ತಾನಾಗಿ ಇಳಿದು ತೋಟಕ್ಕೂ ಬಚ್ಚಲಿಗೂ ಬರುತ್ತದೆ. ಅದೂ ಕೂಡಿಟ್ಟ ಬಿಸಿಲೇ. ಅದಕ್ಕೆ ವಾರಂಟಿ ಬೇಕಿಲ್ಲ, ಹತ್ತು ವರ್ಷಕ್ಕೊಮ್ಮೆ ಬದಲಾಯಿಸಬೇಕಿಲ್ಲ. ಬಟ್ಟೆ ಒಗೆಯುವ ಮಿಷನ್ನು, ದೋಸೆಗೆ ರುಬ್ಬುವುದು, ಇಸ್ತ್ರಿ ಎಲ್ಲ ಹಗಲಿಗೆ ಬರಲಿ. ಹಗಲಿನ ಕರೆಂಟನ್ನು ಹಗಲೇ ಬಳಸಿದರೆ ಕೂಡಿಡುವಾಗ ಸೋರಿಹೋಗುವ ಪಾಲೂ ಉಳಿಯುತ್ತದೆ.

ಹರೀಶ್ ಹಂದೆಯವರ ಹೆಸರು ನೀನು ಕೇಳಿರುತ್ತೀಯ. 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದವರಲ್ಲಿ ಒಬ್ಬರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅವರ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು, ಸಂಜೆ ನಾಲ್ಕು ಗಂಟೆ ತಳ್ಳುಗಾಡಿ ಇಡುವವರಿಗೆ ನಾಲ್ಕು ಗಂಟೆಯ ದೀಪ, ಮನೆಯಲ್ಲಿ ಹೊಲಿಗೆ ಮಾಡುವವರಿಗೆ ಹೊಲಿಗೆಗೆ ತಕ್ಕ ದೀಪ ಎಂಬ ದಾರಿ. ಬದುಕು ನೋಡಿ ಆಮೇಲೆ ಪ್ಯಾನೆಲ್ ಅಳೆಯುವುದು. ಪೇಟೆಯಲ್ಲಿ ಈಗ ಪ್ಯಾಕೇಜ್ ಮೊದಲು, ಬದುಕು ಆಮೇಲೆ.

ಪ್ಯಾನೆಲ್ 5 ಕಿಲೋವ್ಯಾಟ್ ಎನ್ನುವುದೂ ನನಗೆ ಹೆಚ್ಚೆನಿಸಿತು. ನಮ್ಮ ರಾಜ್ಯದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ ಎಂದು ಹಿಡಿ. ಮೂರು ಕಿಲೋವ್ಯಾಟ್‌ಗೆ ಹನ್ನೆರಡು. ಹಗಲು ರಾತ್ರಿ ಸೇರಿಸಿದರೂ ನಿಮ್ಮ ಮನೆಗೆ ಏಳು ದಾಟಲಿಕ್ಕಿಲ್ಲ. 2024ರ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನವೂ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ತಲುಪಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಆ ಹಣ ಪ್ಯಾನೆಲಿನ ಲೆಕ್ಕದ್ದು, ಬ್ಯಾಟರಿಗೆ ಬೇರೆ ಇಲ್ಲ. ಯಾರಾದರೂ ಇದೆ ಎಂದರೆ ಬರೆದು ಕೊಡಿ ಎಂದು ಕೇಳು.

ಇನ್ನೊಂದು ವಿಷಯ ಬಿಚ್ಚಿ ಹೇಳಬೇಕು. ಬಿಲ್ ಉಳಿಸಲು ಬ್ಯಾಟರಿ ಎಂದು ಆ ಕಾಗದದಲ್ಲಿ ಬರೆದಿದ್ದಾರೆ. ನಮ್ಮಂಥ ಮನೆಗೆ ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗೆ ಬಿಲ್ ಸೊನ್ನೆ ಬರುತ್ತದೆ. ನೆಟ್ ಮೀಟರ್ ಇದ್ದರೆ ಹೆಚ್ಚಾದ ಕರೆಂಟು ಲೈನಿಗೆ ಹೋಗಿ ನಿನ್ನ ಲೆಕ್ಕಕ್ಕೆ ಜಮೆ ಆಗುತ್ತದೆ. ಹಾಗಿರುವಾಗ ಬ್ಯಾಟರಿ ಹಣ ಉಳಿಸುತ್ತದೆ ಎನ್ನುವುದು ನಮ್ಮ ಮನೆಯ ಮಟ್ಟಿಗೆ ನಿಜವಲ್ಲ. ಬ್ಯಾಟರಿ ಬೇಕಾದ್ದು ಕತ್ತಲೆಗೆ. ಗಾಳಿ ಮಳೆಯ ರಾತ್ರಿ ಮಗುವಿಗೆ ಜ್ವರ ಬಂದಾಗ ದೀಪ ಬೇಕು, ನಡುರಾತ್ರಿಯ ಮೀಟಿಂಗ್ ಕೈಬಿಡಬಾರದು. ಆ ನೆಮ್ಮದಿಗೆ ಬೆಲೆ ಇದೆ, ಕೊಡು. ಉಳಿತಾಯ ಎಂಬ ಹೆಸರಿನಲ್ಲಿ ಮಾತ್ರ ಕೊಡಬೇಡ.

ಇನ್ವರ್ಟರ್ ಹೈಬ್ರಿಡ್ ಹೌದೇ ಎಂದು ಖಚಿತ ಮಾಡಿಕೋ. ಬರೀ ಆನ್‌ಗ್ರಿಡ್ ಹಾಕಿಸಿಕೊಂಡ ನಮ್ಮ ನೆಂಟರೊಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಾಡಿನ ಮೇಲೆ ಬೆಂಕಿಯಂಥ ಬಿಸಿಲು, ಒಳಗೆ ಫ್ಯಾನು ತಿರುಗುತ್ತಿಲ್ಲ. ಮೋಸ ಹೋದೆವು ಎಂದು ಅವರು ಕೂಗಾಡಿದರು. ಮೋಸವಲ್ಲ. ಲೈನಿನಲ್ಲಿ ಕರೆಂಟು ಹೋದ ಕೂಡಲೇ ಆನ್‌ಗ್ರಿಡ್ ಇನ್ವರ್ಟರ್ ತಾನೂ ನಿಲ್ಲಲೇಬೇಕು. ನಿಲ್ಲದಿದ್ದರೆ ನಿನ್ನ ಮಾಡಿನ ಕರೆಂಟು ಲೈನಿಗೆ ಹರಿದು, ಸತ್ತ ಲೈನೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅಲ್ಲೇ ಸಾಯುತ್ತಾನೆ. ಹೈಬ್ರಿಡ್ ಆದರೆ ಮನೆಯನ್ನು ಲೈನಿನಿಂದ ಬೇರ್ಪಡಿಸಿ, ಬ್ಯಾಟರಿ ಮತ್ತು ಪ್ಯಾನೆಲಿನಿಂದ ಒಳಗಿನ ದೀಪ ನಡೆಸುತ್ತದೆ. ಮಳೆಯಲ್ಲಿ ತೊಯ್ದು ನಮ್ಮ ಕಂಬ ಹತ್ತುವ ಆ ಹುಡುಗನ ಮುಖ ಒಮ್ಮೆ ನೆನಪು ಮಾಡಿಕೋ. ಅಡ್ಡದಾರಿಯ ವೈರಿಂಗ್ ಮಾಡಿಕೊಡುತ್ತೇನೆ ಎಂದು ಯಾರೇ ಬಂದರೂ ಗೇಟಿನಿಂದಲೇ ಕಳಿಸು.

ಸೀಸವೋ ಲಿಥಿಯಮ್ಮೋ ಎಂದರೆ ಲಿಥಿಯಂ ಎಂದು ನೀನು ಆರಿಸಿದ್ದು ಸರಿಯೇ. ಮಲೆನಾಡಿಗೆ ಅದಕ್ಕೊಂದು ವಿಶೇಷ ಕಾರಣವಿದೆ. ಆರಿದ್ರೆಯಿಂದ ಆಶ್ಲೇಷದ ತನಕ ಇಲ್ಲಿ ಪ್ಯಾನೆಲ್ ಅರ್ಧಕ್ಕಿಂತ ಕಡಿಮೆ ದುಡಿಯುತ್ತದೆ, ಕೆಲವು ದಿನ ಕಾಲು ಭಾಗವೂ ಇಲ್ಲ. ಅರೆಹೊಟ್ಟೆಯಲ್ಲಿ ದಿನ ಕಳೆದರೆ ಸೀಸದ ಬ್ಯಾಟರಿ ಕೆಡುತ್ತದೆ, ಲಿಥಿಯಂ ಅಷ್ಟಕ್ಕೆ ಕೆಡುವುದಿಲ್ಲ. ಮೇಲಾಗಿ ಸೀಸದ್ದರಲ್ಲಿ ಅರ್ಧವನ್ನಷ್ಟೇ ಬಳಸುವುದು ಕ್ಷೇಮ. ಲಿಥಿಯಂನಲ್ಲಿ ನೂರಕ್ಕೆ ಎಂಬತ್ತು, ತೊಂಬತ್ತರ ತನಕ ಬಳಸಬಹುದು. ನಿನ್ನ ಎರಡು ಯೂನಿಟ್ ರಾತ್ರಿಯೊಂದಕ್ಕೇ ಸೀಸವಾದರೆ 200 ಆಂಪಿಯರ್-ಅವರಿನ ಎರಡು ದೊಡ್ಡ ಟ್ಯೂಬ್ಯುಲರ್ ಬೇಕು, ಜೊತೆಗೆ ನೀರು ಹಾಕುವ ಕೆಲಸ, ಚಾರ್ಜ್ ಆಗುವಾಗ ಏಳುವ ಹೈಡ್ರೋಜನ್ ಹೊರಹೋಗಲು ಗಾಳಿಯಾಡುವ ಜಾಗ. ಆದರೂ ಕೈಯಲ್ಲಿ ಹಣ ಕಡಿಮೆ ಇರುವವರು, ನೀರು ಹಾಕಲು ಮರೆಯದವರು ಸೀಸವನ್ನೇ ಚೆನ್ನಾಗಿ ಬಾಳಿಸಿದ್ದನ್ನು ನಾನು ಕಂಡಿದ್ದೇನೆ. ಅದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ.

ಲಿಥಿಯಂ ಎಂದರೆ ಒಂದೇ ಅಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಎಂದೇ ಕೇಳು, ಎಲ್‌ಎಫ್‌ಪಿ ಎನ್ನುತ್ತಾರೆ. ಕಬ್ಬಿಣ ಮತ್ತು ಫಾಸ್ಫೇಟಿನದು. ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ನಿಕ್ಕಲ್, ಕೋಬಾಲ್ಟಿನ ಜಾತಿಯವಕ್ಕಿಂತ ಬೆಂಕಿಯ ಭಯ ಕಡಿಮೆ. ಇದನ್ನು ಲೋಕಕ್ಕೆ ತಿಳಿಸಿದ 1997ರ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಆದ ಕೆಲಸ. ಜಾನ್ ಗುಡ್‌ಇನಫ್‌ಗೆ 2019ರಲ್ಲಿ ಲಿಥಿಯಂ ಬ್ಯಾಟರಿಗಾಗಿ ನೊಬೆಲ್ ಬಂದಾಗ ಅವರಿಗೆ 97 ವರ್ಷ. ನಂಜುಂಡಸ್ವಾಮಿ ಎಂಬ ಹೆಸರು ಅಲ್ಲಿ ಓದಿದಾಗ ನನಗೆ ಆದ ಖುಷಿ ನಿನಗೂ ಆಗಲಿ ಎಂದು ಇಷ್ಟು ಬರೆದೆ.

ವಾರಂಟಿ ಕಾಗದದಲ್ಲಿ ವರ್ಷ ಒಂದನ್ನೇ ನೋಡಬೇಡ. ಎಷ್ಟು ಸಲ ತುಂಬಿ ಖಾಲಿಯಾಗಬಹುದು, ಎಷ್ಟು ಆಳಕ್ಕೆ ಖಾಲಿಯಾಗಬಹುದು ಎನ್ನುವ ಸಾಲು ಹುಡುಕು. ನಾಲ್ಕು ಸಾವಿರ ಸಲ ಎಂದಿದ್ದರೆ ದಿನಕ್ಕೊಂದರಂತೆ ಸುಮಾರು ಹನ್ನೊಂದು ವರ್ಷ. ಬ್ಯಾಟರಿಯ ಒಳಗೆ ಪ್ರತಿ ಸೆಲ್ಲನ್ನೂ ಕಾಯುವ ಬಿಎಂಎಸ್ ಎಂಬ ಬೋರ್ಡು ಇರುತ್ತದೆ. ಅದಕ್ಕೂ ನಿನ್ನ ಇನ್ವರ್ಟರಿಗೂ ಮಾತು ಹೊಂದುತ್ತದೆಯೇ ಎಂದು ಕೇಳು. ಮಳೆಗಾಲದಲ್ಲಿ ಕೆಟ್ಟರೆ ಇಲ್ಲಿಯ ತನಕ ಬರುವವರು ಯಾರು ಎಂದೂ ಕೇಳು. ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆಯವರನ್ನು ನೋಡು.

ಪೆಟ್ಟಿಗೆ ಇಡುವ ಜಾಗ ಜಗಲಿ ಬೇಡ. ಪಡುವಣ ಬಿಸಿಲೂ ಇರಚಲೂ ಎರಡೂ ಅಲ್ಲಿಗೆ ಬಡಿಯುತ್ತವೆ. ಶಾಖ ಬ್ಯಾಟರಿಯ ಆಯುಸ್ಸು ತಿನ್ನುತ್ತದೆ. ಅಟ್ಟವೂ ಬೇಡ, ಮಲಗುವ ಕೋಣೆಯೂ ಬೇಡ. ನಡುಮನೆಯ ಪಕ್ಕದ ಉಗ್ರಾಣದ ಗೋಡೆ ಒಣಗಿರುತ್ತದೆ, ತಣ್ಣಗಿರುತ್ತದೆ. ನೆಲದಿಂದ ಎರಡಡಿ ಎತ್ತರದಲ್ಲಿ ಅಲ್ಲಿ ಕೂರಿಸು. ಇಲಿ ವೈರು ಕಡಿಯದ ಹಾಗೆ ಪೈಪು ಹಾಕಿಸು. ಇನ್ವರ್ಟರಿನ ಸಂದಿಗೆ ಹಲ್ಲಿ ನುಗ್ಗಿ ಬೋರ್ಡು ಸುಟ್ಟದ್ದು ನಮ್ಮಲ್ಲೇ ಆಗಿದೆ, ಸಣ್ಣ ಜಾಲರಿ ಬಡಿಸು.

ಏಪ್ರಿಲ್, ಮೇ ತಿಂಗಳ ಸಿಡಿಲು ನಿನಗೆ ಗೊತ್ತಿದ್ದದ್ದೇ. ಅರ್ಥಿಂಗ್ ಸರಿಯಾಗಿರಲಿ, ಪ್ಯಾನೆಲ್ ಕಡೆಗೂ ಲೈನ್ ಕಡೆಗೂ ಸರ್ಜ್ ತಡೆಯುವ ಸಾಧನ ಇರಲಿ. ಇದರಲ್ಲಿ ಚೌಕಾಸಿ ಮಾಡಬೇಡ. ಮತ್ತೆ ಒಂದು ವಿಷಯವನ್ನು ಮಗುವಿಗೂ ಕೆಲಸದವರಿಗೂ ಹೇಳಿಕೊಡು: ಮೇನ್ ಸ್ವಿಚ್ ತೆಗೆದರೂ ಬಿಸಿಲಿರುವ ತನಕ ಪ್ಯಾನೆಲಿನಿಂದ ಇಳಿಯುವ ವೈರಿನಲ್ಲಿ ಜೀವ ಇರುತ್ತದೆ. ಅದು ಡಿಸಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ಹತ್ತಿದರೂ ಆರಲು ದಾರಿ ಇದೆ. ಡಿಸಿಗೆ ಆ ದಾರಿ ಇಲ್ಲ, ಕಿಡಿ ಹತ್ತಿದರೆ ಉರಿಯುತ್ತಲೇ ಇರುತ್ತದೆ. ಹಾಗಾಗಿ ಆ ಕಡೆ ಸ್ವಿಚ್ಚು, ಫ್ಯೂಸು ಎಲ್ಲ ಡಿಸಿಗೆಂದೇ ಮಾಡಿದ್ದು ಆಗಬೇಕು. ಹತ್ತು ರೂಪಾಯಿ ಉಳಿಸಲು ಎಸಿಯದ್ದನ್ನು ಸಿಕ್ಕಿಸಿ ಗೋಡೆ ಕಪ್ಪಾದ ಮನೆ ನಾನು ನೋಡಿದ್ದೇನೆ.

ಮಳೆಗಾಲದ ಕೊರತೆಗೆ ಬ್ಯಾಟರಿ ದೊಡ್ಡದು ಮಾಡುವುದು ಮದ್ದಲ್ಲ. ಬಾವಿಯೇ ಬತ್ತಿದಾಗ ಕೊಡ ದೊಡ್ಡದಾದರೆ ಏನು ಬಂತು? ಆರಿದ್ರೆಯಿಂದ ಆಶ್ಲೇಷದ ತನಕದ ಆ ಎರಡು ತಿಂಗಳು ಲೈನು ಇದ್ದಾಗ ಲೈನಿನಿಂದಲೇ ಬ್ಯಾಟರಿ ತುಂಬಿಸಿಕೊಳ್ಳುವ ಹಾಗೆ ಇನ್ವರ್ಟರಿಗೆ ಹೇಳಿಟ್ಟರೆ ಸಾಕು. ಮಲೆನಾಡಿನ ಎಷ್ಟೋ ಮನೆಯವರು ಹಳ್ಳದ ನೀರಿಗೆ 1 ಕಿಲೋವ್ಯಾಟಿನ ಪುಟ್ಟ ಟರ್ಬೈನು ಕೂರಿಸಿಕೊಂಡಿದ್ದಾರೆ. ಬಿಸಿಲು ಕೈಕೊಟ್ಟಾಗಲೇ ಹಳ್ಳ ತುಂಬುತ್ತದೆ. ನಮ್ಮ ತೋಟದ ತಲೆಯ ಹಳ್ಳಕ್ಕೆ ಅಷ್ಟು ಇಳಿಜಾರು ಇದೆಯೇ ಎಂದು ನೀನು ಬಂದ ಮೇಲೆ ಇಬ್ಬರೂ ಹೋಗಿ ಅಳೆಯೋಣ.

ಇಷ್ಟು ಸಣ್ಣ ಲೆಕ್ಕಕ್ಕೆ ದೊಡ್ಡಪ್ಪ ಯಾಕಿಷ್ಟು ಜಗ್ಗಾಡುತ್ತಾನೆ, ಹಣ ನಮ್ಮದು ತಾನೆ ಎಂದು ನಿನಗೆ ಅನ್ನಿಸಬಹುದು. ಹಣದ ಮಾತಲ್ಲ ಕೂಸೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ನನಗೆ ಒಂಬತ್ತು ವರ್ಷ. ನಮ್ಮ ಊರು ಮುಳುಗುವ ಮೊದಲು ನಿನ್ನ ಅಜ್ಜ ಮನೆಯ ಕಂಬ, ಬಾಗಿಲು, ದೇವರ ಪೀಠ ಕಿತ್ತು ಲಾರಿಗೆ ಹೇರಿದ್ದು, ಅಜ್ಜಿ ತುಳಸಿಕಟ್ಟೆಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಳೆಗಾಲದ ನೀರನ್ನು ಬೇಸಿಗೆಯ ಕರೆಂಟಿಗೆ ಕೂಡಿಡುವ ಕೆಲಸ ಅದು. 1819 ಅಡಿಯ ಮಟ್ಟದ ತನಕ ನೀರು ನಿಂತು ಶರಾವತಿಯ ಕಣಿವೆ ರಾಜ್ಯಕ್ಕೆ ಬೆಳಕಾಯಿತು. ನಾವು ಗಂಟು ಮೂಟೆ ಕಟ್ಟಿ ಬಂದ ಈ ಊರಿಗೆ ಮಾತ್ರ ಆ ಕರೆಂಟು ಬರುವಾಗ ನನಗೆ ಮದುವೆಯಾಗಿತ್ತು. ಅಲ್ಲಿಯ ತನಕ ಸೀಮೆಎಣ್ಣೆ ಬುಡ್ಡಿ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುತ್ತದೆ, ನೀನು ನೋಡಿದ್ದೀಯ. ಜೋಗದ ವಿದ್ಯುದಾಗಾರಕ್ಕಾಗಿ ಕಟ್ಟಿ 1948ರಲ್ಲಿ ಬಳಕೆಗೆ ಬಂದದ್ದು ಅದು, ಹಿರೇಭಾಸ್ಕರ ಎಂದು ಹೆಸರು. ಅದಕ್ಕೂ ಊರುಗಳು ಮುಳುಗಿದ್ದವು. ಹದಿನಾರು ವರ್ಷಕ್ಕೆ ಅದು ಸಾಲದಾಗಿ ಇನ್ನೂ ದೊಡ್ಡದು ಕಟ್ಟಿದರು, ಹಳೆಯದು ಹೊಸದರ ಹೊಟ್ಟೆಯೊಳಗೆ ಹೋಯಿತು. ಈಗ ಅದೇ ಕಣಿವೆಯಲ್ಲಿ ತಲಕಳಲೆಗೂ ಗೇರುಸೊಪ್ಪಕ್ಕೂ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಂಥ ಕಡೆಗಳ ಕರೆಂಟು ಮಧ್ಯಾಹ್ನ ಉಕ್ಕಿ ಸಂಜೆಗೆ ಇಲ್ಲವಾಗುತ್ತದೆ. ಉಕ್ಕಿದಾಗ ನೀರನ್ನು ಮೇಲಕ್ಕೆತ್ತಿ, ಸಂಜೆ ಇಳಿಸಿ ಕರೆಂಟು ತೆಗೆಯುವುದು ಆ ಪಂಪ್ಡ್ ಸ್ಟೋರೇಜಿನ ಉಪಾಯ. ಶರಾವತಿಯ ಆ ಕಣಿವೆಯಲ್ಲಿ ಸಿಂಗಳೀಕಗಳ ಕಾಡು ಇದೆ, ಅದಕ್ಕಾಗಿ ಜನ ಪ್ರತಿಭಟಿಸುತ್ತಿದ್ದಾರೆ. ನಾನೂ ಹೋಗಿ ಕೂತು ಬಂದಿದ್ದೇನೆ.

ನಿನ್ನ ಗೋಡೆಯ ಬ್ಯಾಟರಿಯೂ ಇನ್ನೆಲ್ಲಿಂದಲೋ ಬರುತ್ತದೆ. ಲಿಥಿಯಂ ಆಸ್ಟ್ರೇಲಿಯಾದ ಗಣಿಯಿಂದಲೋ ಚಿಲಿಯ ಉಪ್ಪಿನ ಬಯಲಿನಿಂದಲೋ ಬಂದದ್ದು. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣದ ಕಡೆಯೂ 1600 ಟನ್ ಇದೆ ಎಂದು 2021ರಲ್ಲಿ ಸರಕಾರ ಹೇಳಿತು. ಅದನ್ನು ಅಗೆಯುವ ದಿನ ಬಂದರೆ ಅಲ್ಲಿಯೂ ಯಾರದೋ ಹೊಲ, ಯಾರದೋ ತುಳಸಿಕಟ್ಟೆ ಇರುತ್ತದೆ. ಹಾಗೆಂದು ಬ್ಯಾಟರಿ ಕೊಳ್ಳಬೇಡ ಎನ್ನಲು ನನಗೆ ಬಾಯಿಲ್ಲ. ಬುಡ್ಡಿ ದೀಪದ ಹೊಗೆಯಲ್ಲಿ ಓದಿದವನು ನಾನು. ನಿನ್ನ ಮಗು ಹಾಗೆ ಓದಬಾರದು. ಉಪಯೋಗಕ್ಕೆ ಬಾರದೆ ಗೋಡೆಯಲ್ಲಿ ನೇತಾಡುವ ಆ ಇನ್ನೊಂದು 5 ಯೂನಿಟ್‌ಗೆ ಮಾತ್ರ ನನ್ನ ತಕರಾರು.

ಹಳೆಯದಾದ ಮೇಲೆ ಬ್ಯಾಟರಿಯನ್ನು ಗುಜರಿಯವರಿಗೆ ಕೊಡಬೇಡ. ಗುಜರಿಗೆ ಹೋದ ಸೀಸವನ್ನು ಯಾವುದೋ ಹಿತ್ತಲಿನಲ್ಲಿ ಕರಗಿಸುತ್ತಾರೆ, ಆ ಹೊಗೆ ಮಕ್ಕಳ ತಲೆಗೆ ಹತ್ತುತ್ತದೆ. 2022ರ ಬ್ಯಾಟರಿ ತ್ಯಾಜ್ಯದ ನಿಯಮದ ಪ್ರಕಾರ ಸೀಸವಾಗಲಿ ಲಿಥಿಯಮ್ಮಾಗಲಿ, ವಾಪಸು ಸಂಗ್ರಹಿಸುವ ಹೊಣೆ ತಯಾರಕರದು. ಕೊಳ್ಳುವ ದಿನವೇ ಅದನ್ನು ಯಾರು ತೆಗೆದುಕೊಂಡು ಹೋಗುತ್ತಾರೆ ಎಂದು ಬಿಲ್ಲಿನ ಮೇಲೆ ಬರೆಸಿಕೋ.

ಈಗ ನೀನು ಮಾಡಬೇಕಾದ ಕೆಲಸ. ಬೆಂಗಳೂರಿನ ನಿಮ್ಮ ಮನೆಯ ಮೀಟರ್ ಕೆಳಗೆ ಪಾರ್ಕಿಂಗಿನಲ್ಲಿದೆ ಅಲ್ಲವೇ? ನಾಳೆಯಿಂದ ಏಳು ದಿನ ಸಂಜೆ ಆರಕ್ಕೊಮ್ಮೆ, ಬೆಳಿಗ್ಗೆ ಆರಕ್ಕೊಮ್ಮೆ ಅದರ ರೀಡಿಂಗ್ ಬರೆದುಕೋ. ಆ ದಿನಗಳಲ್ಲಿ ಗೀಸರನ್ನು ಬೆಳಿಗ್ಗೆ ಆರರ ನಂತರವೇ ಹಾಕು, ಇಲ್ಲದಿದ್ದರೆ ಲೆಕ್ಕ ಕಲಸಿಹೋಗುತ್ತದೆ. ಒಂದು ರಾತ್ರಿ ನೆಂಟರು ಬಂದರೆ ಅದನ್ನೂ ಪಕ್ಕದಲ್ಲಿ ಬರೆ. ಏಳು ರಾತ್ರಿಯ ಅಂಕಿ ನನಗೆ ಕಳಿಸು. ಅಡ್ವಾನ್ಸ್ ಅಲ್ಲಿಯ ತನಕ ನಿನ್ನ ಹತ್ತಿರವೇ ಇರಲಿ. ಉಗ್ರಾಣದ ಗೋಡೆಯಿಂದ ಹಳೆಯ ಪತ್ತಾಯ ಸರಿಸಿ ಜಾಗ ಮಾಡುವ ಕೆಲಸ ನಾನು ಇಲ್ಲಿ ಶುರು ಮಾಡುತ್ತೇನೆ.